ಓಕ್ ಪೀಪಾಯಿಯ ಸ್ಪ್ಯಾನಿಷ್ ಬಿಳಿ ವೈನ್: ಸೂಟ್‌ಕೇಸಿನಲ್ಲಿ ಎರಡೇ ಬಾಟಲಿಗೆ ಜಾಗ ಇದ್ದರೆ ಯಾವುದು?

ಸ್ಪೇನ್‌ನಿಂದ ಊರಿಗೆ ಹೊರಟವರು ನನ್ನ ಹತ್ತಿರ ಕೇಳೋದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಅಂಗಡಿಯ ಶೆಲ್ಫಿನ ಮುಂದೆ ನಿಂತು ಫೋಟೋ ತೆಗೆದು ಕಳಿಸುತ್ತಾರೆ. "ಕೆಂಪು ವೈನ್ ಎಲ್ಲರೂ ತರ್ತಾರೆ. ಓಕ್ ಪೀಪಾಯಿಯಲ್ಲಿಟ್ಟ ಬಿಳಿ ವೈನ್ ಚೆನ್ನಾಗಿರತ್ತಂತೆ. ಇದರಲ್ಲಿ ಯಾವುದು ತಗೊಳ್ಳಲಿ?" ಆ ಫೋಟೋದಲ್ಲಿ 9 ಯೂರೋದ ಬಾಟಲಿಯೂ ಇರುತ್ತದೆ, 90 ಯೂರೋದ್ದೂ ಇರುತ್ತದೆ. ಎರಡರ ಹಿಂದಿನ ಚೀಟಿಯಲ್ಲೂ ಪೀಪಾಯಿಯ ಮಾತೇ.

ಭಾರತಕ್ಕೆ ಬರುವ ಪ್ರಯಾಣಿಕರು ಸುಂಕ ಕಟ್ಟದೆ ತರಬಹುದಾದ ಮದ್ಯ ತಲೆಗೆ 2 ಲೀಟರ್. ವೈನ್ ಬಾಟಲಿ 750 ಮಿಲಿ. ಎರಡು ಇಟ್ಟರೆ ಒಂದೂವರೆ ಲೀಟರ್, ಮೂರನೆಯದು ಇಟ್ಟರೆ ಲೆಕ್ಕ ಮೀರಿತು. ಹಾಗಾಗಿ ಆಯ್ಕೆ ಎರಡರದ್ದೇ. ಆ ಎರಡು ಯಾವುವು ಅಂತ ನಾನು ಹೇಳಿಬಿಟ್ಟರೆ ಸುಲಭ. ಆದರೆ ನಿಮ್ಮ ನಾಲಿಗೆ ನನ್ನದಲ್ಲ, ನಿಮ್ಮ ಮಾವನವರ ನಾಲಿಗೆಯಂತೂ ನನಗೆ ಗೊತ್ತೇ ಇಲ್ಲ.

ಮೊದಲು ಏನು ಕೇಳಿಕೊಳ್ಳಬೇಕು

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ಪೀಪಾಯಿ ಈ ವೈನಿಗೆ ಏನು ಮಾಡಿದೆ? 'ಓಕ್‌ನಲ್ಲಿ ಇಟ್ಟಿದ್ದು' ಅಂದರೆ ಒಂದೇ ರುಚಿ ಅಲ್ಲ. ಹೊಸ ಪೀಪಾಯಿ ತನ್ನ ಘಮವನ್ನು ವೈನಿಗೆ ಧಾರಾಳವಾಗಿ ಕೊಡುತ್ತದೆ. ಹತ್ತಾರು ವರ್ಷ ಬಳಸಿದ ಹಳೇ ಪೀಪಾಯಿ ಘಮ ಕೊಡುವುದಿಲ್ಲ, ಮರದ ಸಂದಿನಿಂದ ಸ್ವಲ್ಪ ಸ್ವಲ್ಪವೇ ಗಾಳಿ ಒಳಗೆ ಬಿಡುತ್ತದೆ. ಮೊದಲನೆಯದರಲ್ಲಿ ನಿಮಗೆ ಮರ ಸಿಗುತ್ತದೆ, ಎರಡನೆಯದರಲ್ಲಿ ವಯಸ್ಸು ಸಿಗುತ್ತದೆ. ಜನ ಗೊಂದಲ ಮಾಡಿಕೊಳ್ಳೋದು ಇಲ್ಲೇ.

ಮರ ಯಾವುದು ಅನ್ನೋದೂ ಇದೆ. ಅಮೆರಿಕದ ಓಕ್ ಆದರೆ ವೆನಿಲಾ, ಒಣಕೊಬ್ಬರಿಯ ವಾಸನೆ. ಕೊಬ್ಬರಿ ಅಂತ ನಾನು ಸುಮ್ನೆ ಹೋಲಿಕೆಗೆ ಹೇಳುತ್ತಿಲ್ಲ, ಆ ಮರದಲ್ಲಿ ಕೊಬ್ಬರಿಯ ಘಮ ಕೊಡುವ ಅಂಶವೇ ಜಾಸ್ತಿ. ಫ್ರೆಂಚ್ ಓಕ್ ಸ್ವಲ್ಪ ಬಿಗಿ, ಲವಂಗದಂಥ ಮಸಾಲೆ, ಸುಟ್ಟ ಬ್ರೆಡ್ಡಿನ ನೆನಪು.

ಇನ್ನೊಂದು, ರಸ ಪೀಪಾಯಿಯೊಳಗೇ ಹುದುಗಿತೋ ಅಥವಾ ಬೇರೆಡೆ ವೈನ್ ಆದ ಮೇಲೆ ಪೀಪಾಯಿಗೆ ಬಂತೋ. ಹುಳಿಪುಡಿಯನ್ನು ಬೇಳೆ ಜೊತೆ ಕುದಿಸುವುದಕ್ಕೂ, ಇಳಿಸಿದ ಮೇಲೆ ಉದುರಿಸುವುದಕ್ಕೂ ಇರುವಷ್ಟೇ ವ್ಯತ್ಯಾಸ. ಒಳಗೇ ಹುದುಗಿದ್ದರಲ್ಲಿ ಮರ ಬೆರೆತು ಹೋಗಿರುತ್ತದೆ. ಹುದುಗಿದ ಮೇಲೆ ತಳದಲ್ಲಿ ಕೂತ ಯೀಸ್ಟಿನ ಚರಟದ ಜೊತೆಗೇ ಕೆಲವು ತಿಂಗಳು ಬಿಟ್ಟು, ಆಗಾಗ ಕೋಲಿನಿಂದ ಕದಡಿದರೆ ವೈನಿಗೆ ಕೆನೆಯಂಥ ಮೈ ಬರುತ್ತದೆ. ಚೀಟಿಯ ಮೇಲೆ 'ಫೆರ್ಮೆಂತಾದೋ ಎನ್ ಬಾರ್ರಿಕಾ' ಅಂದರೆ ಪೀಪಾಯಿಯಲ್ಲಿ ಹುದುಗಿದ್ದು, 'ಸೋಬ್ರೆ ಲೀಯಾಸ್' ಅಂದರೆ ಚರಟದ ಮೇಲೆ ಕೂತಿದ್ದು.

ಉಳಿದ ಪ್ರಶ್ನೆಗಳು ನಮಗೆ ಗೊತ್ತಿರುವಂಥವೇ. ಯಾರಿಗೆ, ಯಾವ ಊಟಕ್ಕೆ, ಇವತ್ತೇ ಕುಡಿಯಲಿಕ್ಕೋ ಇಡಲಿಕ್ಕೋ, ಎಷ್ಟು ದುಡ್ಡು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬರುವ ಯಾವ ವೈನೂ ಸಿಹಿ ಅಲ್ಲ. ಮೂಗಿಗೆ ಜೇನು ಬಂದರೂ ನಾಲಿಗೆಗೆ ಸಕ್ಕರೆ ಸಿಗುವುದಿಲ್ಲ. ಸಿಹಿ ಬೇಕೆನ್ನುವವರಿಗೆ ಇದನ್ನು ಕೊಟ್ಟು ಬೈಸಿಕೊಳ್ಳಬೇಡಿ.

ರಿಯೋಹಾ: ಒಂದೇ ಹೆಸರು, ಎರಡು ಜಾತಿ

ಉತ್ತರ ಸ್ಪೇನ್‌ನ ಎಬ್ರೋ ನದಿಯ ದಂಡೆ. ಬಡಗಲ ಕಡೆ ಸಿಯೆರ್ರಾ ದೆ ಕಾಂತಾಬ್ರಿಯಾ ಬೆಟ್ಟಸಾಲು ಅಡ್ಡ ನಿಂತು ಸಮುದ್ರದ ಮಳೆಗಾಳಿಯನ್ನು ತಡೆಯುತ್ತದೆ. ರಿಯೋಹಾ ಕೆಂಪು ವೈನಿನ ನಾಡು ಅಂತಲೇ ಪ್ರಸಿದ್ಧಿ, ಬಿಳಿ ಇಲ್ಲಿ ಅಲ್ಪಸಂಖ್ಯಾತ. ಆದರೆ ಪೀಪಾಯಿಯ ಬಿಳಿ ವೈನ್ ಅಂದಾಗ ಮೊದಲ ಹೆಸರು ಇದೇ.

ಪೀಪಾಯಿ ಇಲ್ಲಿಗೆ ಬಂದ ಕಥೆ ಫ್ರಾನ್ಸಿನದ್ದು. 19ನೇ ಶತಮಾನದ ಮಧ್ಯದಲ್ಲಿ ಬೋರ್ದೋ ಕಡೆಯ ಪದ್ಧತಿಯನ್ನು ಇಲ್ಲಿಯ ಕೆಲವು ಜಮೀನ್ದಾರರು ಕಲಿತು ಬಂದರು. ಆಮೇಲೆ ಫಿಲಾಕ್ಸೆರಾ ಅನ್ನೋ ಬೇರು ತಿನ್ನುವ ಕೀಟ ಫ್ರಾನ್ಸಿನ ಬಳ್ಳಿಗಳನ್ನು ಮುಗಿಸಿತು. ವೈನಿಗೆ ಬರ ಬಿದ್ದಾಗ ಬೋರ್ದೋ ವ್ಯಾಪಾರಿಗಳು ಬೆಟ್ಟ ದಾಟಿ ಇಲ್ಲಿಗೆ ಬಂದರು. ಅವರ 225 ಲೀಟರ್ ಅಳತೆಯ ಪೀಪಾಯಿ ಇಲ್ಲೇ ನಿಂತುಬಿಟ್ಟಿತು. 'ಆರೋ' ಅನ್ನೋ ಊರಿನ ರೈಲ್ವೆ ಸ್ಟೇಷನ್ ಸುತ್ತ ವೈನ್ ಮನೆಗಳು ಎದ್ದವು. ಊರಿನ ಹೆಸರನ್ನು ಬರೆಯೋದು ಎಚ್ ಅಕ್ಷರದಿಂದ, ಆದರೆ ಸ್ಪ್ಯಾನಿಷ್‌ನವರು ಎಚ್ ನುಂಗುತ್ತಾರೆ, ನಮ್ಮಲ್ಲಿ ಹಾಲನ್ನು 'ಆಲು' ಅನ್ನೋ ಹಾಗೆ. ಲೋಪೆಸ್ ದೆ ಎರೆದಿಯಾ ಅನ್ನೋ ಮನೆ ಅಲ್ಲಿ 1877ರಿಂದ ಇದೆ, ಸಿವಿಎನ್ಇ ಅನ್ನೋ ಮನೆ 1879ರಿಂದ. ಸರಕು ಹೊರಗೆ ಹೋಗಲು ರೈಲು ಬಾಗಿಲಲ್ಲೇ.

ಇಲ್ಲಿಯ ಬಿಳಿ ದ್ರಾಕ್ಷಿ ಮುಖ್ಯವಾಗಿ ವಿಯುರಾ. ಸ್ಪೇನ್‌ನ ಬೇರೆ ಕಡೆ ಇದಕ್ಕೇ ಮಕಬೇಓ ಅನ್ನುತ್ತಾರೆ. ಎಳೆಯದರಲ್ಲಿ ಇದರದ್ದು ಅಷ್ಟೇನೂ ಘಮ ಇಲ್ಲ, ಸಪ್ಪೆ ಅಂತಲೂ ಅನ್ನಿಸಬಹುದು. ಅದರ ಬಂಡವಾಳ ಇರೋದು ಕಾಯುವುದರಲ್ಲಿ. ಹುಣಸೆ ಮರ ಮುಪ್ಪಾದರೆ ಹುಳಿ ಮುಪ್ಪೇ ಅಂತಾರಲ್ಲ, ವಿಯುರಾಗೆ ಆ ಮಾತು ಸರಿಯಾಗಿ ಒಪ್ಪುತ್ತದೆ.

ಹಳೇ ಶೈಲಿಯ ಮಾದರಿ ಲೋಪೆಸ್ ದೆ ಎರೆದಿಯಾದವರ ವಿನ್ಯಾ ತೊಂದೋನಿಯಾ. ಎಬ್ರೋ ನದಿ ತಿರುಗುವಲ್ಲಿ 100 ಹೆಕ್ಟೇರಿಗೂ ದೊಡ್ಡ ತೋಟ. ಅದರ ಬಿಳಿ ರೆಸೆರ್ವಾ (ವಯಸ್ಸಿನ ಲೆಕ್ಕದಲ್ಲಿ ಕೊಡುವ ಒಂದು ದರ್ಜೆ) ಪೀಪಾಯಿಯಲ್ಲೇ ಸುಮಾರು 6 ವರ್ಷ ಕಳೆಯುತ್ತದೆ. ಪೀಪಾಯಿಗಳನ್ನು ಅಮೆರಿಕದ ಓಕ್ ತರಿಸಿ ಅವರೇ ಮಾಡಿಕೊಳ್ಳುತ್ತಾರೆ, ಹಳತಾದರೂ ರಿಪೇರಿ ಮಾಡಿ ಬಳಸುತ್ತಾರೆ. ನೆಲಮಾಳಿಗೆಗೆ ಇಳಿದರೆ ಗೋಡೆಯ ಮೇಲೆಲ್ಲ ಜೇಡರ ಬಲೆ, ಬಟ್ಟೆ ನೇತುಹಾಕಿದ ಹಾಗೆ ಜೋತಾಡುತ್ತದೆ. ಗುಡಿಸುವುದಿಲ್ಲ, ಯಾಕೆಂದರೆ ಬಿರಡೆ ಕೊರೆಯುವ ಹುಳವನ್ನು ಜೇಡವೇ ತಿಂದು ಮುಗಿಸುತ್ತದೆ. ಅದೇ ಆವರಣದಲ್ಲಿ ಹೆಸರಾಂತ ವಾಸ್ತುಶಿಲ್ಪಿ ಜಹಾ ಹದೀದ್ ವಿನ್ಯಾಸದ ಹೊಳೆಯುವ ಅಂಗಡಿಯೂ ಇದೆ. ಬಲೆಯ ಕೆಳಗಿಂದ ಬಂದು ಅದರೊಳಗೆ ಕಾಲಿಟ್ಟರೆ ಒಂದು ಕ್ಷಣ ತಲೆ ಸುತ್ತುತ್ತದೆ.

ಈ ವೈನನ್ನು ನಾನು ಮೊದಲ ಸಲ ಮನೆಗೆ ತಂದಾಗ ಹಾಳು ಮಾಡಿದೆ. ನಾಲ್ಕು ಜನ ಗೆಳೆಯರು ಊಟಕ್ಕೆ ಬಂದಿದ್ದರು. ಬಿಳಿ ವೈನ್ ಅಲ್ವಾ ಅಂತ ಐಸ್ ಬಕೆಟ್ಟಿನಲ್ಲಿ ಮುಕ್ಕಾಲು ಗಂಟೆ ಹೂತಿಟ್ಟೆ. ಸುರಿದಾಗ ಬಣ್ಣ ನೋಡಿ ಎಲ್ಲರೂ ಸುಮ್ಮನಾದರು. ಹೊಸ ಬೆಲ್ಲದ ಪಾಕವನ್ನು ತೆಳು ಮಾಡಿದಂಥ ಚಿನ್ನದ ಬಣ್ಣ. ಕುಡಿದರೆ ಏನೂ ಇಲ್ಲ. ತಣ್ಣಗೆ, ಹುಳಿ, ಸ್ವಲ್ಪ ಮರ. "ಇದಕ್ಕಾ ಇಷ್ಟು ದುಡ್ಡು" ಅಂತ ಒಬ್ಬ ಬಾಯಿಬಿಟ್ಟು ಕೇಳಿಯೂ ಕೇಳಿದ. ಅವರೆಲ್ಲ ಹೋದ ಮೇಲೆ ಪಾತ್ರೆ ತೊಳೆಯುವಾಗ ನನ್ನದೇ ಗ್ಲಾಸಿನ ತಳದಲ್ಲಿ ಉಳಿದಿದ್ದನ್ನು ಮೂಸಿದೆ. ಹುರಿದ ಬಾದಾಮಿ, ಒಣಗಿದ ಕಿತ್ತಳೆ ಸಿಪ್ಪೆ, ಜೇನುಮೇಣ, ಅಟ್ಟದ ಮೇಲಿನ ಹಳೇ ಮರದ ಪೆಟ್ಟಿಗೆ ತೆಗೆದಾಗ ಬರುವ ವಾಸನೆ. ಬಾಯಿಗೆ ಹಾಕಿದರೆ ಹುಳಿ ಮಾತ್ರ ಇನ್ನೂ ಚುರುಕು. ತಪ್ಪು ವೈನಿನದ್ದಲ್ಲ, ಐಸಿನದ್ದು. ಇದನ್ನು 12–13 ಡಿಗ್ರಿಯಲ್ಲಿ, ದೊಡ್ಡ ಗ್ಲಾಸಿನಲ್ಲಿ ಕುಡಿಯಬೇಕು. ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಹೊರಗಿಡಿ.

ಈಗ ಲೇಬಲ್ಲಿನ ಕಡೆ ಬನ್ನಿ. ನಿಯಮದ ಪ್ರಕಾರ ಬಿಳಿ ರೆಸೆರ್ವಾಗೆ ಒಟ್ಟು 2 ವರ್ಷದ ವಯಸ್ಸು ಬೇಕು, ಅದರಲ್ಲಿ ಪೀಪಾಯಿಯಲ್ಲಿ ಕನಿಷ್ಠ 6 ತಿಂಗಳು. ಗ್ರಾನ್ ರೆಸೆರ್ವಾಗೆ ಒಟ್ಟು 4 ವರ್ಷ, ಆದರೆ ಪೀಪಾಯಿಯಲ್ಲಿ ಅದೇ 6 ತಿಂಗಳು. ಅಂದರೆ ದರ್ಜೆ ಏರಿದರೂ ಪೀಪಾಯಿಯ ಕನಿಷ್ಠ ಲೆಕ್ಕ ಬದಲಾಗುವುದಿಲ್ಲ. ತೊಂದೋನಿಯಾ ರೆಸೆರ್ವಾ ಆ ಕನಿಷ್ಠದ 12 ಪಟ್ಟು ಇದ್ದು ಬಂದಿದೆ. ಅದೇ ಮನೆಯ ವಿನ್ಯಾ ಗ್ರಾವೋನಿಯಾ ರೆಸೆರ್ವಾಗಿಂತ ಕೆಳಗಿನ 'ಕ್ರಿಯಾನ್ಸಾ' ದರ್ಜೆಯದ್ದು, ಆದರೆ ಪೀಪಾಯಿಯಲ್ಲಿ 4 ವರ್ಷ ಇರುತ್ತದೆ. ಹಾಗಾಗಿ ಅಂಗಡಿಯಲ್ಲಿ 'ರೆಸೆರ್ವಾ ಕೊಡಿ' ಅನ್ನಬೇಡಿ. 'ಪೀಪಾಯಿಯಲ್ಲಿ ಎಷ್ಟು ತಿಂಗಳು, ಹೊಸದೋ ಹಳೇದೋ' ಅಂತ ಕೇಳಿ. ಅಂಗಡಿಯವನಿಗೆ ಗೊತ್ತಿಲ್ಲದಿದ್ದರೆ ಬೇರೆ ಅಂಗಡಿ ನೋಡಿ.

ತುತ್ತತುದಿಯ ಉದಾಹರಣೆ ಬೇಕಾದರೆ ಮಾರ್ಕೇಸ್ ದೆ ಮುರ್ರಿಯೆತಾದವರ ಕಾಸ್ತಿಯೋ ಇಗಾಯ್ ಬಿಳಿ, 1986ರ ಫಸಲು. ಪೀಪಾಯಿಯಲ್ಲಿ 21 ವರ್ಷ, ಆಮೇಲೆ ಕಾಂಕ್ರೀಟ್ ತೊಟ್ಟಿಯಲ್ಲಿ ಇನ್ನಷ್ಟು ವರ್ಷ. ಅದರ ಬೆಲೆ ಕೇಳಲು ನನಗೆ ಧೈರ್ಯ ಆಗಿಲ್ಲ.

ಹೊಸ ಜಾತಿಯ ರಿಯೋಹಾ ಬಿಳಿ ಬೇರೆಯೇ ಕಥೆ. 1970ರ ದಶಕದಲ್ಲಿ ಸ್ಟೀಲ್ ಟ್ಯಾಂಕು, ತಣ್ಣನೆಯ ಹುದುಗು ಬಂದ ಮೇಲೆ ಹೆಚ್ಚಿನ ಮನೆಗಳು ಪೀಪಾಯಿ ಬಿಟ್ಟು ತಿಳಿಯಾದ ಎಳೇ ವೈನಿಗೆ ಹೊರಳಿದವು. ಈಗ ಮಧ್ಯದ ದಾರಿ ಹಿಡಿದವರು ಬಹಳ ಜನ. ಫ್ರೆಂಚ್ ಓಕ್‌ನಲ್ಲಿ ಹುದುಗಿಸಿ, ಕೆಲವೇ ತಿಂಗಳು ಚರಟದ ಮೇಲಿಟ್ಟು ಬಾಟಲಿಗೆ. ಮೂಗಾ ಮನೆಯ ಬಿಳಿ ಈ ಬಗೆಯದ್ದು. ಹಸಿರು ಸೇಬು, ನಿಂಬೆ ಸಿಪ್ಪೆ, ಹಿಂದೆ ಸ್ವಲ್ಪ ಬೆಣ್ಣೆ. 10ರಿಂದ 15 ಯೂರೋ ಒಳಗೆ ಇಂಥವು ಸಿಗುತ್ತವೆ, ಮೊದಲ ಸಲ ಕುಡಿಯುವವರಿಗೂ ಗಾಬರಿ ಮಾಡುವುದಿಲ್ಲ. ಹಳೇ ಶೈಲಿಯದು ಹೆಚ್ಚಾಗಿ 30 ಯೂರೋಗೂ ಮೇಲೆಯೇ, ತೊಂದೋನಿಯಾ ಬಿಳಿ ಅದಕ್ಕೂ ಎಷ್ಟೋ ಮೇಲೆ, ಅದೂ ಸಿಕ್ಕರೆ.

ಹಳೇ ರಿಯೋಹಾ ಬಿಳಿ ಯಾರಿಗೆ? ಫಿಲ್ಟರ್ ಕಾಫಿಯ ಒಗರು, ಹಳೇ ಉಪ್ಪಿನಕಾಯಿ, ಗಟ್ಟಿ ಚೀಸ್ ಇಂಥದ್ದೆಲ್ಲ ಇಷ್ಟಪಡುವವರಿಗೆ. 'ಫ್ರೆಶ್ ಆಗಿರಬೇಕು' ಅನ್ನುವವರಿಗೆ ಖಂಡಿತ ಬೇಡ, ಕೆಟ್ಟಿದೆ ಅಂತ ಸಿಂಕಿಗೆ ಸುರಿದುಬಿಡುತ್ತಾರೆ.

ರುಯೇದಾ: ಸೋಂಪಿನ ಘಮ, ಕಡಿಮೆ ದುಡ್ಡು

ಮ್ಯಾಡ್ರಿಡ್‌ನಿಂದ ವಾಯುವ್ಯಕ್ಕೆ ಹೋದರೆ ಕಾಸ್ತಿಯಾ ಪ್ರಸ್ಥಭೂಮಿ. ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲೆ, ಮರ ಕಡಿಮೆ, ನೆಲದಲ್ಲಿ ಬೆಣಚುಕಲ್ಲು ಜಾಸ್ತಿ. ಹಗಲು ಸುಡುವ ಬಿಸಿಲು, ರಾತ್ರಿ ನಡುಗುವ ಚಳಿ. ಇಲ್ಲಿಯ ವೆರ್ದೇಹೋ ದ್ರಾಕ್ಷಿಗೆ ಗಾಳಿ ತಾಗಿದರೆ ಬೇಗ ಕಂದುತ್ತದೆ, ಬದನೆಕಾಯಿ ಹೆಚ್ಚಿಟ್ಟ ಹಾಗೆ. ಅದಕ್ಕೇ ಕೊಯ್ಲು ಹೆಚ್ಚಾಗಿ ರಾತ್ರಿ ಹೊತ್ತು, ತಂಪಿನಲ್ಲಿ.

ರುಯೇದಾ ತನ್ನ ಈಗಿನ ಹೆಸರು ಗಳಿಸಿದ್ದು ಸ್ಟೀಲ್ ಟ್ಯಾಂಕಿನ ತಾಜಾ ವೈನಿನಿಂದ. 1972ರಲ್ಲಿ ರಿಯೋಹಾದ ಮಾರ್ಕೇಸ್ ದೆ ರಿಸ್ಕಾಲ್ ಮನೆಯವರು ಬಿಳಿ ವೈನಿಗಾಗಿಯೇ ಇಲ್ಲಿಗೆ ಬಂದರು. 1980ರಲ್ಲಿ ಪ್ರದೇಶಕ್ಕೆ ಅಧಿಕೃತ ಗುರುತು ಸಿಕ್ಕಿತು. ಪೀಪಾಯಿಯ ವೆರ್ದೇಹೋ ಆಮೇಲಿನ ಮಾತು. ದಿದಿಯೇ ಬೆಲೊಂದ್ರಾದ್ ಅನ್ನೋ ಫ್ರೆಂಚ್ ಮನುಷ್ಯ 1994ರಲ್ಲಿ ಇದನ್ನು ಫ್ರಾನ್ಸಿನ ಬುರ್ಗುಂಡಿ ಕಡೆಯ ರೀತಿಯಲ್ಲಿ ಫ್ರೆಂಚ್ ಪೀಪಾಯಿಯಲ್ಲಿ ಹುದುಗಿಸಿ, ಚರಟದ ಮೇಲಿಟ್ಟು ತೋರಿಸಿದ. ಅವರ ಬಾಟಲಿ ಈಗ ದುಬಾರಿಯ ಸಾಲಿನಲ್ಲಿದೆ. ಆದರೆ ಅದೇ ದಾರಿಯ ಬೇರೆಯವರದ್ದು 10ರಿಂದ 15 ಯೂರೋಗೆ ಸಿಗುತ್ತದೆ.

ರುಚಿಯಲ್ಲಿ ಬಡೇಸೋಂಪು, ಹುಲ್ಲು, ಕೊನೆಯಲ್ಲಿ ಬಾದಾಮಿ ಸಿಪ್ಪೆಯಂಥ ಸಣ್ಣ ಕಹಿ. ಆ ಕಹಿಯೇ ಇದರ ಗುರುತು. ನನ್ನ ತಕರಾರು ಒಂದಿದೆ. ಕಡಿಮೆ ಬೆಲೆಯವುಗಳಲ್ಲಿ ಹೊಸ ಓಕ್ ಕೆಲವೊಮ್ಮೆ ಸೋಂಪನ್ನು ಪೂರ್ತಿ ಮುಚ್ಚಿಬಿಡುತ್ತದೆ, ವೆನಿಲಾ ಎಸೆನ್ಸ್ ಜಾಸ್ತಿ ಬಿದ್ದ ಕೇಕಿನ ಹಾಗೆ. ಈ ಬೆಲೆಗೆ ರುಯೇದಾದಲ್ಲಿ ಪೀಪಾಯಿಯೇ ಇಲ್ಲದ, ಬರೀ ಚರಟದ ಮೇಲೆ ಕೂತ ವೈನ್ ಎಷ್ಟೋ ಸಲ ಹೆಚ್ಚು ಚೆನ್ನಾಗಿರುತ್ತದೆ. ವರ್ಷಗಟ್ಟಲೆ ಇಡುವ ಯೋಚನೆ ಬೇಡ, ಎರಡು ಮೂರು ವರ್ಷದಲ್ಲಿ ಕುಡಿದು ಮುಗಿಸಿ.

ವಾಲ್ದೆಯೋರಾಸ್: ನಾನು ಜಾಸ್ತಿ ಸಲ ಕೊಳ್ಳೋದು ಇದನ್ನೇ

ವಾಯುವ್ಯ ಸ್ಪೇನ್‌ನ ಗಲೀಸಿಯಾದ ಒಳಭಾಗ, ಓರೆನ್ಸೆ ಪ್ರಾಂತ್ಯ, ಸೀಲ್ ನದಿಯ ಕಣಿವೆ. ನಾವು ಒಂದನೇ ಕ್ಲಾಸಿನಲ್ಲಿ ಬಳಪ ಹಿಡಿದು ಗೀಚಿದ ಸ್ಲೇಟು ಇದೆಯಲ್ಲ, ಆ ಕಲ್ಲಿನ ಗಣಿಗಳಿಗೆ ಹೆಸರಾದ ಜಾಗ. ಮನೆಯ ಮಾಡಿಗೂ ಅದೇ ಕಲ್ಲು, ಎಷ್ಟೋ ತೋಟದ ನೆಲದಲ್ಲೂ ಅದೇ.

ದ್ರಾಕ್ಷಿ ಗೊದೆಯೋ. 1970ರ ದಶಕದಲ್ಲಿ ಇದು ಹೆಚ್ಚುಕಡಿಮೆ ಅಳಿದೇ ಹೋಗಿತ್ತು. ಜಾಸ್ತಿ ಇಳುವರಿ ಕೊಡುವ ಬೇರೆ ತಳಿಗಳು ತೋಟ ತುಂಬಿದ್ದವು. 1974ರಲ್ಲಿ 'ರೆವಿವಾಲ್' ಅನ್ನೋ ಯೋಜನೆ ಶುರುವಾಗಿ, ಉಳಿದ ಹಳೇ ಬಳ್ಳಿಗಳನ್ನು ಹುಡುಕಿ, ಕಡ್ಡಿ ತೆಗೆದು, ಬೆಳೆಸಿ ರೈತರಿಗೆ ಹಂಚಿದರು. ನಮ್ಮ ಕಡೆ ಯಾರೋ ನಾಲ್ಕು ಜನ ಹಠ ಹಿಡಿದು ನಾಟಿ ಭತ್ತದ ತಳಿ ಉಳಿಸಿದ ಹಾಗೆ.

2004ರಲ್ಲಿ ರಾಫಾಯೆಲ್ ಪಾಲಾಸಿಯೋಸ್ ಬಂದ ಮೇಲೆ ಈ ಕಣಿವೆ ಸ್ಪೇನ್‌ನಾಚೆಗೂ ಗೊತ್ತಾಯಿತು. ರಿಯೋಹಾದ ವೈನ್ ಮನೆತನದ ಹುಡುಗ, ಬಿಬೇಯ್ ಕಣಿವೆಯ ಎತ್ತರದ ಹಳೇ ತುಂಡು ತೋಟಗಳನ್ನು ಒಂದೊಂದಾಗಿ ಕೊಂಡ. ಅಲ್ಲಿ ನೆಲ ಸ್ಲೇಟಲ್ಲ, ಪುಡಿಯಾದ ಗ್ರಾನೈಟ್ ಮರಳು. ಅವರ ಒಂದು ವೈನಿನ ಹೆಸರು 'ಆಸ್ ಸೋರ್ತೆಸ್'. ಅಪ್ಪನ ಆಸ್ತಿ ಪಾಲಾಗುವಾಗ ಚೀಟಿ ಎತ್ತಿ ಯಾರಿಗೆ ಯಾವ ತುಂಡು ಅಂತ ತೀರ್ಮಾನಿಸುತ್ತಿದ್ದರಂತೆ, ಹಾಗೆ ಪಾಲಿಗೆ ಬಂದ ತುಂಡಿಗೆ ಆ ಹೆಸರು. ಇದನ್ನು ಯಾವ ಹಳ್ಳಿಯ ಕನ್ನಡಿಗನಿಗೂ ವಿವರಿಸಿ ಹೇಳಬೇಕಾಗಿಲ್ಲ.

ಗೊದೆಯೋಗೆ ಸ್ವಂತ ಮೈಕಟ್ಟು ಇದೆ. ಪೀಪಾಯಿಗೆ ಹಾಕಿದರೂ ಮರದ ಕೈಗೆ ಸಿಕ್ಕಿ ಸೋಲುವುದಿಲ್ಲ. ಅದರಲ್ಲೂ 500 ಲೀಟರಿನದ್ದೋ ಇನ್ನೂ ದೊಡ್ಡದೋ ಪೀಪಾಯಿ ಬಳಸಿದಾಗ ವೈನಿಗೆ ಮರದ ಸೋಂಕು ಕಡಿಮೆ. ಬಾಯಲ್ಲಿ ಮೊದಲು ನಿಂಬೆ, ಪೇರಳೆಹಣ್ಣು. ಆಮೇಲೆ ಒದ್ದೆ ಕಲ್ಲಿನ ಹಾಗೆ ಒಂದು ತಂಪು, ತುಸು ಉಪ್ಪು. ಮರ ಇದೆ ಅಂತ ಹೇಳಿದರೆ ಮಾತ್ರ ಗೊತ್ತಾಗುತ್ತದೆ. ಪಾಲಾಸಿಯೋಸ್ ಅವರದ್ದೇ ಲೌರೋ ಅನ್ನೋದು 20 ಯೂರೋ ಆಸುಪಾಸು, ಆಸ್ ಸೋರ್ತೆಸ್ ಅದರ ದುಪ್ಪಟ್ಟಿಗೂ ಜಾಸ್ತಿ. ಆ ವ್ಯತ್ಯಾಸಕ್ಕೆ ಬೆಲೆ ಇದೆಯಾ? ಐದಾರು ವರ್ಷ ಇಟ್ಟು ಕುಡಿಯುವವರಿಗೆ ಇದೆ. ಈ ಶನಿವಾರವೇ ತೆಗೆಯುವವರಿಗೆ ಲೌರೋ ಸಾಕು.

ಯಾರ ರುಚಿಯೂ ಗೊತ್ತಿಲ್ಲ, ಕೆಲವರು ಮೊದಲ ಸಲ, ಕೆಲವರು ಅನುಭವಸ್ಥರು, ಇಂಥ ಮನೆಗೆ ಒಯ್ಯುತ್ತಿದ್ದರೆ ಕಣ್ಣುಮುಚ್ಚಿ ಗೊದೆಯೋ.

ಓಕ್ ಬಿಳಿಯ ಪಟ್ಟಿಯಲ್ಲಿ ಯಾರೂ ಬರೆಯದ ಹೆರೆಸ್

ತೆಂಕಣದ ಹೆರೆಸ್ ಊರಿನ ಫೀನೋ ಅನ್ನೋ ಶೆರ್ರಿ ಕೂಡ ಓಕ್‌ನಲ್ಲಿ ಇಟ್ಟ ಬಿಳಿಯೇ ಅಲ್ವಾ? ಪಾಲೊಮಿನೋ ದ್ರಾಕ್ಷಿ, ಸ್ವಲ್ಪ ಮದ್ಯಸಾರ ಸೇರಿಸಿ 15%ಕ್ಕೆ ಏರಿಸಿದ್ದು. ಪೀಪಾಯಿಯನ್ನು ಪೂರ್ತಿ ತುಂಬುವುದಿಲ್ಲ, ಮೇಲೆ ಖಾಲಿ ಬಿಡುತ್ತಾರೆ. ಅಲ್ಲಿ ಯೀಸ್ಟು ಕೆನೆಗಟ್ಟಿ ಗಾಳಿ ತಾಗದ ಹಾಗೆ ಕಾಯುತ್ತದೆ. ಆ ಕೆನೆಗೆ 'ಫ್ಲೋರ್' ಅನ್ನುತ್ತಾರೆ, ಅಂದರೆ ಹೂವು. ಮರದ ರುಚಿ ಒಂದಿಷ್ಟೂ ಇಲ್ಲ, ಪೀಪಾಯಿಗಳೆಲ್ಲ ಅಜ್ಜನ ಕಾಲದವು. ಉಪ್ಪುಪ್ಪು, ಒಣ, ಹಸಿ ಹಿಟ್ಟಿನ ವಾಸನೆ. 10 ಯೂರೋ ಒಳಗೇ ಒಳ್ಳೆಯದು ಸಿಗುತ್ತದೆ. ಇದನ್ನು ಮಾತ್ರ ಚೆನ್ನಾಗಿ ತಣ್ಣಗೆ ಮಾಡಿ ಕುಡಿಯಬೇಕು.

ರಿಯೋಹಾದ ಸಿವಿಎನ್ಇ 1915ರಿಂದ ಮಾರುತ್ತಿರುವ ಮೊನೊಪೋಲೆ ಅನ್ನೋ ಬಿಳಿ ವೈನಿಗೆ ಹಿಂದೆ ಈ ಕಡೆಯ ಮಾನ್ಸಾನಿಯಾವನ್ನು ಸ್ವಲ್ಪ ಬೆರೆಸುತ್ತಿದ್ದರು. ಮಾನ್ಸಾನಿಯಾ ಅಂದರೆ ಫೀನೋದ ಸಮುದ್ರತೀರದ ತಂಗಿ. 'ಕ್ಲಾಸಿಕೋ' ಅಂತ ಆ ಹಳೇ ಶೈಲಿಯನ್ನು ಈಗ ಮತ್ತೆ ತಂದಿದ್ದಾರೆ. ಹಳೇ ರಿಯೋಹಾದ ರುಚಿ ಬೇಕು, ತೊಂದೋನಿಯಾದಷ್ಟು ದುಡ್ಡು ಇಲ್ಲ ಅನ್ನುವವರು ಇದನ್ನು ಹುಡುಕಿ.

ಊಟ, ಮತ್ತೆ ಸೂಟ್‌ಕೇಸು

ಅಲ್ಲಿಯವರು ಹಳೇ ರಿಯೋಹಾ ಬಿಳಿಯನ್ನು ಕಾಡಣಬೆ, ಹುರಿದ ಕೋಳಿ, ಉಪ್ಪಿಟ್ಟ ಕಾಡ್ ಮೀನಿನ ಜೊತೆ ಇಡುತ್ತಾರೆ, ಗಲೀಸಿಯಾದಲ್ಲಿ ಗೊದೆಯೋ ಜೊತೆ ಬೇಯಿಸಿದ ಆಕ್ಟೋಪಸ್. ನಮ್ಮ ಮನೆಯ ಊಟಕ್ಕೆ ಒಂದೇ ಎಚ್ಚರಿಕೆ: ಬ್ಯಾಡಗಿ ಗುಂಟೂರು ಎರಡೂ ಬಿದ್ದ ಖಾರದ ಸಾರಿಗೆ ಓಕ್ ವೈನ್ ಬೇಡ. ಬಾಯಿ ಉರಿ ಏರುತ್ತದೆ, ಮರದ ಕಹಿ ಎದ್ದು ಕೂರುತ್ತದೆ. ಕಾಯಿಹಾಲಿನ ತೆಳು ಮೀನು ಪದಾರ್ಥ, ಅಣಬೆ ಪಲಾವ್, ಗೋಡಂಬಿ ಹಾಕಿದ ಸಪ್ಪೆ ಕುರ್ಮಾ ಇವಕ್ಕೆ ಗೊದೆಯೋ ಸರಿ. ಫೀನೋಗೆ ಅಂಜಲ್ ರವಾ ಫ್ರೈ ಇಟ್ಟು ನೋಡಿ. ಹೆರೆಸ್‌ನವರೂ ಅದನ್ನು ಕರಿದ ಮೀನಿನ ಜೊತೆಗೇ ಕುಡಿಯೋದು. ಮೀನು ತಿನ್ನದವರ ಮನೆಯಲ್ಲಿ ಕೋಡುಬಳೆ ಸಾಕು.

ತಂದ ಮೇಲೆ ಇಡೋದು ಎಲ್ಲಿ ಅನ್ನೋದೂ ಲೆಕ್ಕಕ್ಕೆ ಬರುತ್ತದೆ. ಅಡುಗೆಮನೆಯ ಅಟ್ಟ, ಶೋಕೇಸು ಎರಡೂ ಬೇಡ. ಬಿಸಿಲು ಬೀಳುವ ಶೋಕೇಸಿನಲ್ಲಿ ಅಂದಕ್ಕೆ ನಿಲ್ಲಿಸಿದ ಒಳ್ಳೇ ಬಾಟಲಿಯೊಂದು ಎಂಟು ತಿಂಗಳಲ್ಲಿ ವಿನೆಗರ್ ಹತ್ತಿರ ಹೋಗಿದ್ದನ್ನು ಕುಡಿದಿದ್ದೇನೆ, ಮನೆಯವರ ಮುಖ ನೋಡಿ 'ಚೆನ್ನಾಗಿದೆ' ಅಂತಲೂ ಅಂದಿದ್ದೇನೆ. ಮಂಚದ ಕೆಳಗೆ ಅಡ್ಡ ಮಲಗಿಸಿ, ಇಲ್ಲವೇ ಫ್ರಿಜ್‌ನ ಕೆಳಗಿನ ತರಕಾರಿ ಡಬ್ಬದಲ್ಲಿ.

ಒಂದೇ ಸಲಕ್ಕೆ ಖಾಲಿ ಮಾಡದ ಮನೆಯಾದರೆ ಇದನ್ನೂ ನೋಡಿ. ತೆಗೆದಿಟ್ಟ ವೆರ್ದೇಹೋ ಎರಡು ಮೂರು ದಿನದಲ್ಲಿ ಸೊರಗುತ್ತದೆ. ಫೀನೋ ಫ್ರಿಜ್‌ನಲ್ಲಿ ಒಂದು ವಾರ. ಹಳೇ ರಿಯೋಹಾ ಪೀಪಾಯಿಯಲ್ಲೇ ವರ್ಷಗಟ್ಟಲೆ ಗಾಳಿ ಕುಡಿದಿದ್ದರಿಂದ ನಾಲ್ಕೈದು ದಿನ ಆರಾಮಾಗಿ ನಿಲ್ಲುತ್ತದೆ, ಎರಡನೇ ದಿನ ಇನ್ನೂ ಚೆನ್ನಾಗಿರುತ್ತದೆ. ಸ್ವಲ್ಪ ಸ್ವಲ್ಪ ಕುಡಿಯುವ ಹಿರಿಯರಿಗೆ ಉಡುಗೊರೆ ಕೊಡೋದಾದರೆ ಈ ಒಂದು ಕಾರಣಕ್ಕೇ ಅದು ದುಡ್ಡಿಗೆ ತಕ್ಕದ್ದು.

ಎರಡೂ ಬಾಟಲಿ ಸೇರಿ 30 ಯೂರೋ ದಾಟಬಾರದು ಅಂದರೆ ಹೊಸ ಶೈಲಿಯ ರಿಯೋಹಾ ಒಂದು, ರುಯೇದಾ ಒಂದು. 60ರವರೆಗೆ ಹೋಗಬಹುದು ಅಂದರೆ ಒಂದು ಲೌರೋ, ಇನ್ನೊಂದು ಗ್ರಾವೋನಿಯಾ. ಎರಡನ್ನೂ ಒಂದೇ ಸಂಜೆ ತೆಗೆದು ಪಕ್ಕ ಪಕ್ಕ ಇಟ್ಟರೆ ಪೀಪಾಯಿ ಏನೇನು ಮಾಡಬಲ್ಲದು ಅಂತ ನಾನು ಇಷ್ಟುದ್ದ ಬರೆದದ್ದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಮೂವತ್ತು ವರ್ಷದ ಮದುವೆ ವಾರ್ಷಿಕೋತ್ಸವದಂಥ ಕಾರಣ ಇದ್ದರೆ ತೊಂದೋನಿಯಾ ಒಂದೇ ತನ್ನಿ, ಎರಡನೆಯದರ ದುಡ್ಡನ್ನೂ ಅದಕ್ಕೇ ಹಾಕಿ.

ಅಂದ ಹಾಗೆ ಎರಡು ಬಾಟಲಿ ಆದ ಮೇಲೂ ನಿಮ್ಮ 2 ಲೀಟರಿನಲ್ಲಿ ಅರ್ಧ ಲೀಟರ್ ಉಳಿದಿರುತ್ತದೆ. ಫೀನೋ 375 ಮಿಲಿಯ ಅರ್ಧ ಬಾಟಲಿಯಲ್ಲೂ ಬರುತ್ತದೆ. ಕಾಲುಚೀಲದೊಳಗೆ ತೂರಿಸಿ ಸೂಟ್‌ಕೇಸಿನ ಮಧ್ಯೆ ಇಟ್ಟರೆ ಒಟ್ಟು 1,875 ಮಿಲಿ.